ಬಾಲದ ತುದಿಯ ಪುಟ್ಟ ಚಕ್ರಗಳು

ಉಪಕರಣಗಳು ಹೆಚ್ಚಿದಷ್ಟೂ ಕ್ಷಿಪಣಿ ನಿಖರವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದು ತಪ್ಪೆಂಬುದಕ್ಕೆ, ವಿಮಾನದಿಂದ ಶತ್ರುವಿಮಾನದತ್ತ ಹಾರಿಸುವ ಸೈಡ್‌ವೈಂಡರ್ ಕ್ಷಿಪಣಿಗಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕಂಡಿಲ್ಲ. ಅಮೆರಿಕದ ಮೊಹಾವಿ ಮರುಭೂಮಿಯ ಚೈನಾ ಲೇಕ್‌ನಲ್ಲಿರುವ ನೌಕಾಪಡೆಯ ಪರೀಕ್ಷಾ ಕೇಂದ್ರದಲ್ಲಿ ಭೌತವಿಜ್ಞಾನಿ ವಿಲಿಯಂ ಮೆಕ್ಲೀನ್ ಮತ್ತು ಅವರ ಸಂಗಡಿಗರು ರೂಪಿಸಿದ ಈ ಕ್ಷಿಪಣಿ 1953ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿಗೆ ಹಾರುವ ಗುರಿಯನ್ನು ಮುಟ್ಟಿತು. 1956ರಲ್ಲಿ ಸೇವೆಗೆ ಸೇರಿತು. ಅದರ ದಪ್ಪ 127 ಮಿಲಿಮೀಟರ್, ತೂಕ ಸುಮಾರು 70 ಕಿಲೋ, ಅಂದರೆ ಒಬ್ಬ ವಯಸ್ಕ ಮನುಷ್ಯನಷ್ಟು.

ಮೂತಿಯಲ್ಲಿರುವ ಸೀಸದ ಸಲ್ಫೈಡಿನ ಕಣ್ಣು ಶತ್ರುವಿಮಾನದ ಎಂಜಿನ್ನಿನ ಶಾಖವನ್ನು ಗುರುತಿಸುತ್ತದೆ, ಮುಂಭಾಗದ ರೆಕ್ಕೆಗಳು ಅದಕ್ಕೆ ತಕ್ಕಂತೆ ದಾರಿ ತಿದ್ದುತ್ತವೆ. ಆದರೆ ಕ್ಷಿಪಣಿ ತನ್ನ ಉದ್ದದ ಸುತ್ತ ವೇಗವಾಗಿ ಉರುಳತೊಡಗಿದರೆ, ‘ಮೇಲಕ್ಕೆ ತಿರುಗು’ ಎಂಬ ಸೂಚನೆ ರೆಕ್ಕೆಯನ್ನು ತಲುಪಿ ಕೆಲಸ ಮಾಡುವಷ್ಟರಲ್ಲಿ ಆ ‘ಮೇಲೆ’ ಎಂಬುದೇ ಪಕ್ಕಕ್ಕೆ ಸರಿದಿರುತ್ತದೆ. ಉರುಳುವಿಕೆಯನ್ನು ತಡೆಯಲು ಉರುಳುವಿಕೆಯನ್ನು ಗ್ರಹಿಸುವ ಪ್ರತ್ಯೇಕ ಗೈರೊಸ್ಕೋಪು, ಮೋಟಾರು, ಅವಕ್ಕೆ ಬೇಕಾದ ವಿದ್ಯುತ್ತು ಎಲ್ಲವನ್ನೂ ಹೇರಬಹುದಿತ್ತು. ಎಲೆಕ್ಟ್ರಾನಿಕ್ಸ್‌ಗೆ ಗಾಜಿನ ನಿರ್ವಾತ ನಳಿಕೆಗಳನ್ನು (ವ್ಯಾಕ್ಯೂಮ್ ಟ್ಯೂಬ್) ಬಳಸುತ್ತಿದ್ದ ಆ ಕಾಲದಲ್ಲಿ ಇವೆಲ್ಲವೂ ದೊಡ್ಡ ಹೊರೆಯೇ.

ಚೈನಾ ಲೇಕ್‌ನವರು ಆ ಕೆಲಸವನ್ನು ಗಾಳಿಗೇ ಒಪ್ಪಿಸಿದರು. ಹಿಂಬದಿಯ ನಾಲ್ಕು ರೆಕ್ಕೆಗಳ ತುದಿಯಲ್ಲಿ ಒಂದೊಂದು ಕೀಲು ಪಟ್ಟಿ, ಪಟ್ಟಿಯೊಳಗೆ ಅಂಚಿನಲ್ಲಿ ಗರಗಸದಂತೆ ಹಲ್ಲುಗಳಿರುವ ಪುಟ್ಟ ಲೋಹದ ಚಕ್ರ, ಇದೇ ರೋಲೆರಾನ್. ಎದುರು ಗಾಳಿ ಹಲ್ಲುಗಳಿಗೆ ಬಡಿದು, ನೀರು ಬಿದ್ದ ರಾಟೆಯಂತೆ, ಚಕ್ರವನ್ನು ಗಿರ್ರನೆ ತಿರುಗಿಸುತ್ತದೆ. ತಿರುಗುವ ಚಕ್ರಕ್ಕೆ ಒಂದು ವಿಚಿತ್ರ ಗುಣವಿದೆ: ಅದರ ಅಚ್ಚನ್ನು ಒಂದು ಕಡೆ ಓರೆಮಾಡಲು ಹೋದರೆ ಅದು ಆ ಕಡೆಗೆ ಲಂಬವಾದ ಇನ್ನೊಂದು ದಿಕ್ಕಿಗೆ ಹೊರಳುತ್ತದೆ. ವಾಲಿದ ಬುಗುರಿ ಥಟ್ಟನೆ ಬೀಳದೆ ತಲೆಯನ್ನು ವೃತ್ತಾಕಾರವಾಗಿ ಸುತ್ತಿಸುವುದು ಇದೇ ಕಾರಣಕ್ಕೆ. ಕೈಬಿಟ್ಟು ಸೈಕಲ್ ಹೊಡೆಯುವ ಹುಡುಗ ಎಡಕ್ಕೆ ವಾಲಿದಾಗ ಮುಂದಿನ ಚಕ್ರ ಎಡಕ್ಕೇ ತಿರುಗುವುದರಲ್ಲೂ ಈ ಗುಣದ ಪಾಲಿದೆ. ಸೈಕಲ್ಲಿನ ಬಿಡಿ ಚಕ್ರವೊಂದನ್ನು ಅಚ್ಚಿನ ಎರಡೂ ತುದಿಗಳಲ್ಲಿ ಹಿಡಿದು, ಜೋರಾಗಿ ತಿರುಗಿಸಿಕೊಂಡು ಓರೆಮಾಡಿ ನೋಡಿ, ಅದು ಕೈಯನ್ನೇ ತಿರುಚುತ್ತದೆ. ಹಾಗೆಯೇ ಕ್ಷಿಪಣಿ ಉರುಳಿದೊಡನೆ ರೋಲೆರಾನ್ ಚಕ್ರ ಹೊರಳಿ, ತನ್ನ ಪಟ್ಟಿಯನ್ನು ಗಾಳಿಗೆ ಅಡ್ಡವಾಗಿ ಚಾಚುತ್ತದೆ. ಪಟ್ಟಿಗೆ ಬಡಿದ ಗಾಳಿ ಉರುಳುವಿಕೆಗೆ ಎದುರಾಗಿ ತಳ್ಳುತ್ತದೆ. ಉರುಳುವಿಕೆ ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗುತ್ತದೆ, ಬೇಕಾದದ್ದೂ ಅಷ್ಟೇ. ಇದಕ್ಕೆ ಒಂದು ತಂತಿಯೂ ಬೇಡ, ಒಂದು ವೋಲ್ಟ್ ವಿದ್ಯುತ್ತೂ ಬೇಡ.

1958ರ ಸೆಪ್ಟೆಂಬರ್‌ನಲ್ಲಿ ತೈವಾನ್ ಜಲಸಂಧಿಯ ಮೇಲೆ ಸೈಡ್‌ವೈಂಡರ್ ಮೊದಲ ಸಲ ಯುದ್ಧ ಕಂಡಿತು. ಅಲ್ಲಿ ಸಿಡಿಯದೆ ಚೀನಾದ ಮಿಗ್-17 ವಿಮಾನವೊಂದಕ್ಕೆ ಸಿಕ್ಕಿಕೊಂಡ ಕ್ಷಿಪಣಿ ಸೋವಿಯತ್ ತಂತ್ರಜ್ಞರ ಕೈ ಸೇರಿ, ಅವರು ಅದನ್ನು ಬಿಡಿಬಿಡಿಯಾಗಿ ಅಭ್ಯಸಿಸಿ ಕೆ-13 ಕ್ಷಿಪಣಿಯನ್ನು ತಯಾರಿಸಿದರು. ಮುಂದೆ ನಮ್ಮ ವಾಯುಪಡೆಯ ಮಿಗ್-21 ವಿಮಾನಗಳು ಹೊತ್ತು ಹಾರಿದ ಕೆ-13ರ ಬಾಲದ ತುದಿಯಲ್ಲೂ ಅದೇ ಹಲ್ಲಿನ ಚಕ್ರಗಳಿದ್ದವು.