ರಾಗಿಗೆ ಬರ ಬೇಕೇ, ಕಾಂಡ್ಲಾಗೆ ಉಪ್ಪು ಬೇಕೇ?

ಓದುಗರ ಪ್ರಶ್ನೆ: ಚಿದಂಬರಕ್ಕೆ ಹೋದವರು ಪಿಚಾವರಂನಲ್ಲಿ ದೋಣಿ ಹತ್ತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಿ ಬಂದೆವು. ಬಂಗಾಳದ ಸುಂದರಬನದಲ್ಲಿ ಇಂಥ ನೂರಾರು ದ್ವೀಪಗಳಿವೆಯಂತೆ. ಈ ಗಿಡಕ್ಕೆ ಉಪ್ಪುನೀರು ಬೇಕೇ ಬೇಕು ಎಂದು ದೋಣಿಯವರು ಹೇಳಿದರು. ಹಾಗಿದ್ದರೆ ಚಿಂತಾಮಣಿ ಕಡೆಯ ನಮ್ಮ ತೋಟದ ಸೌಳು ಬೋರ್‌ವೆಲ್ ನೀರಿಗೆ ಇದನ್ನೇ ಹಾಕಬಹುದಲ್ಲ?

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದಾಗ ಪ್ರತಿ ವರ್ಷ ಒಬ್ಬ ಹುಡುಗ ಕೇಳುತ್ತಿದ್ದ. ನಿವೃತ್ತನಾದ ಮೇಲೆ ಅದೇ ಹುಡುಗರ ಅಪ್ಪಂದಿರು ಕೇಳುತ್ತಿದ್ದಾರೆ. ಪಾಠದಲ್ಲಿ ಬರುವ ಮಾತು "ಉಪ್ಪುನೀರಿನಲ್ಲಿ ಬೆಳೆಯುವ ಕಾಡು" ಎಂದು. ಮನೆ ಸೇರುವಷ್ಟರಲ್ಲಿ ಅದು "ಉಪ್ಪುನೀರು ಬೇಕಾದ ಕಾಡು" ಆಗಿರುತ್ತದೆ. ಈ ಎರಡು ಮಾತಿನ ನಡುವೆ ಅಜಗಜಾಂತರ.

ನಮ್ಮ ರಾಗಿಯನ್ನೇ ತಗೊಳ್ಳಿ. ಕೆಂಪು ಮಣ್ಣಿನ ಹೊಲದಲ್ಲಿ, ಮಳೆ ಕೈಕೊಟ್ಟ ವರ್ಷವೂ ನಾಲ್ಕು ತೆನೆ ಕೊಡುವ ಬೆಳೆ ಅದು. ಅಷ್ಟಕ್ಕೇ ರಾಗಿಗೆ ಬರ ಬೇಕು ಎಂದು ಕೋಲಾರದ ಯಾವ ರೈತನಾದರೂ ಹೇಳುತ್ತಾನೆಯೇ? ಹದವಾಗಿ ಮಳೆ ಬಿದ್ದು, ಕೆರೆಗೋಡು ಹೊಡೆಸಿದ ಹೊಲದಲ್ಲಿ ಅದೇ ರಾಗಿ ಎಷ್ಟು ಚೆನ್ನಾಗಿ ಬರುತ್ತದೆಂದು ಎಲ್ಲರಿಗೂ ಗೊತ್ತು. ತಡೆದುಕೊಳ್ಳುವುದು ಬೇರೆ, ಬಯಸುವುದು ಬೇರೆ. ಕಾಂಡ್ಲಾ ಉಪ್ಪನ್ನು ತಡೆದುಕೊಳ್ಳುತ್ತದೆ. ಎಷ್ಟೋ ಜಾತಿಗಳು ಸಮುದ್ರದ ನೀರಿಗೆ ಬೇಕಾದಷ್ಟು ಸಿಹಿನೀರು ಬೆರೆತ ಕಡೆಯೇ ಚೆನ್ನಾಗಿ ಬೆಳೆಯುತ್ತವೆ. ಚೂರು ಉಪ್ಪಿದ್ದರೆ ಇನ್ನೂ ಚುರುಕಾಗುವ ಜಾತಿಗಳು ಕೆಲವಿವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಲೀಟರಿಗೆ 35 ಗ್ರಾಂ ಉಪ್ಪಿರುವ ಅಪ್ಪಟ ಸಮುದ್ರದ ನೀರು ಅವಕ್ಕೂ ಹೊರೆಯೇ.

ಆ ಹೊರೆ ಎಷ್ಟೆಂದು ತಿಳಿಯಬೇಕಾದರೆ ಉಪ್ಪಿನಕಾಯಿ ಹಾಕುವ ದಿನ ಅಡುಗೆಮನೆಗೆ ಹೋಗಿ ನೋಡಿ. ಶ್ರೀನಿವಾಸಪುರದ ಮಾವಿನಕಾಯಿ ಹೆಚ್ಚಿ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಹೋಳು ಮುದುರಿ, ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ. ಹೋಳಿನೊಳಗಿನ ನೀರನ್ನು ಉಪ್ಪು ಹೊರಗೆಳೆದಿದೆ. ಉಪ್ಪುನೀರಿನಲ್ಲಿ ನಿಂತ ಯಾವ ಬೇರಿಗಾದರೂ ಇದೇ ಗತಿ ಆಗಬೇಕು. ಕಾಂಡ್ಲಾ ಅದನ್ನು ತಪ್ಪಿಸಿಕೊಳ್ಳಲು ಪಡುವ ಪಾಡು ದೊಡ್ಡದು. ಕೆಲವು ಜಾತಿಗಳು ಬೇರಿನ ಬಾಗಿಲಲ್ಲೇ ಹೆಚ್ಚಿನ ಉಪ್ಪನ್ನು ಸೋಸಿ ಹೊರಗಿಡುತ್ತವೆ. ಬಂಗಾಳಿಗರು ಬಾಯಿನ್ ಎನ್ನುವ ಮರ ಒಳಗೆ ಬಂದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರದಬ್ಬುತ್ತದೆ. ಬಿಸಿಲಿನ ದಿನ ಎಲೆ ನೆಕ್ಕಿದರೆ ನಾಲಿಗೆಗೆ ಉಪ್ಪು ಹತ್ತುತ್ತದೆ. ಇನ್ನು ಕೆಲವು ಜಾತಿಗಳು ಹಳೆಯ ಎಲೆಗಳಲ್ಲಿ ಉಪ್ಪು ತುಂಬಿಸಿ ಅವನ್ನು ಉದುರಿಸಿಬಿಡುತ್ತವೆ. ಬೇಕಾದ ವಸ್ತುವನ್ನು ಯಾರಾದರೂ ಹೀಗೆ ಹೊರಹಾಕುತ್ತಾರೆಯೇ? ಬೆಳೆಯಲು ಖರ್ಚಾಗಬೇಕಿದ್ದ ಶಕ್ತಿ ಉಪ್ಪಿನ ಕಾವಲಿಗೆ ಖರ್ಚಾಗುತ್ತದೆ. ಹಾಗಾಗಿಯೇ ಉಪ್ಪು ಹೆಚ್ಚಿದ ಕಡೆ ಮರ ಕುಳ್ಳು.

ಇನ್ನೂ ನಂಬಿಕೆ ಬಾರದವರಿಗೆ ಮೆಕ್ಸಿಕೋ ದೇಶದ ಸಾನ್ ಪೆದ್ರೋ ಮಾರ್ತಿರ್ ನದಿಯ ಸಾಕ್ಷಿ ಇದೆ. ಸಮುದ್ರದಿಂದ ಸುಮಾರು 170 ಕಿಲೋಮೀಟರ್ ಒಳಗೆ, ಸುಣ್ಣದ ಅಂಶ ಹೆಚ್ಚಿರುವ ಸಿಹಿನೀರಿನ ದಡದಲ್ಲಿ ಕೆಂಪು ಕಾಂಡ್ಲಾ ಕಾಡು ನಿಂತಿದೆ. ಒಂದು ಲಕ್ಷ ವರ್ಷಕ್ಕೂ ಹಿಂದೆ ಸಮುದ್ರ ಅಲ್ಲಿಯವರೆಗೆ ಏರಿತ್ತು. ಆಮೇಲೆ ಹಿಂದೆ ಸರಿಯಿತು, ಕಾಡು ಉಳಿದುಕೊಂಡಿತು. 2021ರಲ್ಲಿ ವಿಜ್ಞಾನಿಗಳು ಅದರ ವಂಶವಾಹಿಗಳನ್ನು ಪರೀಕ್ಷಿಸಿ ಈ ಕಥೆ ಬಿಡಿಸಿದರು. ಸಮುದ್ರದ ಉಪ್ಪಿಲ್ಲದೆ ಸಾವಿರಾರು ತಲೆಮಾರು ಬದುಕಿದ ಗಿಡಕ್ಕೆ ಉಪ್ಪು ಬೇಕೇ ಬೇಕು ಎಂದು ಇನ್ನು ಯಾವ ಬಾಯಲ್ಲಿ ಹೇಳುವುದು?

"ಹಾಗಾದರೆ ನಮ್ಮ ಕೆರೆಯಂಗಳದಲ್ಲಿ ಯಾಕೆ ಬೆಳೆಯಲಿಲ್ಲ ಸಾರ್?" ಇದು ಹಿಂದಿನ ಬೆಂಚಿನಿಂದ ತಪ್ಪದೆ ಬರುತ್ತಿದ್ದ ಎರಡನೆಯ ಪ್ರಶ್ನೆ, ಒಳ್ಳೆಯ ಪ್ರಶ್ನೆ. ಸಿಹಿನೀರಿನ ದಡದಲ್ಲಿ ಜೊಂಡು, ಆಪು, ಲಕ್ಕಿ, ಹೊಂಗೆ, ಜಾಲಿ ಎಲ್ಲವೂ ನುಗ್ಗಿ ಬೆಳೆಯುತ್ತವೆ. ಆ ಪೈಪೋಟಿಯಲ್ಲಿ, ಆ ನೆರಳಿನಲ್ಲಿ ಕಾಂಡ್ಲಾದ ಸಸಿ ಮೇಲೇಳುವುದಿಲ್ಲ. ಉಪ್ಪಿನ ಕೆಸರಿಗೆ ಬೇರೆ ಯಾರೂ ಬರುವುದಿಲ್ಲವಾದ್ದರಿಂದ ಅದು ಅಲ್ಲಿ ಮನೆ ಮಾಡಿತು.

ಈಗ ಸುಂದರಬನಕ್ಕೆ ಬರೋಣ, ಏಕೆಂದರೆ ಈ ತಪ್ಪು ಕಲ್ಪನೆ ಇಟ್ಟುಕೊಂಡರೆ ಆ ದ್ವೀಪಗಳು ಅರ್ಥವೇ ಆಗುವುದಿಲ್ಲ. ಕಾಡು ಮತ್ತು ಅದರೊಳಗಿನ ನೀರು ಸೇರಿ ಸುಮಾರು 10,000 ಚದರ ಕಿಲೋಮೀಟರ್. ಅದರಲ್ಲಿ ಹೆಚ್ಚೂಕಡಿಮೆ ಐದರಲ್ಲಿ ಮೂರು ಪಾಲು ಬಾಂಗ್ಲಾದೇಶದ್ದು, ಉಳಿದದ್ದು ನಮ್ಮದು. ನಮ್ಮ ಕಡೆ 102 ದ್ವೀಪಗಳು. 54ರಲ್ಲಿ ಜನ, 48ರಲ್ಲಿ ಕಾಡು. ದ್ವೀಪ ಎಂದಕೂಡಲೇ ಸಮುದ್ರದ ನಡುವಿನ ಬಂಡೆ ಎಂದು ಭಾವಿಸಬೇಡಿ. ಅಲ್ಲಿ ಹುಡುಕಿದರೂ ಒಂದು ಕಲ್ಲು ಸಿಗುವುದಿಲ್ಲ. ಕರಾವಳಿಯವರು ಕುದ್ರು ಎನ್ನುತ್ತಾರಲ್ಲ, ಹೊಳೆ ತಂದ ಮಣ್ಣು ಹೊಳೆಯಲ್ಲೇ ನಿಂತು ಆದ ನೆಲ, ಆ ಮಾತು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಗಂಗೆ, ಬ್ರಹ್ಮಪುತ್ರ ಎರಡೂ ಸೇರಿ ವರ್ಷಕ್ಕೆ ಸುಮಾರು 100 ಕೋಟಿ ಟನ್ ಹೂಳು ಹೊತ್ತು ತರುತ್ತವೆ. ಹಿಮಾಲಯ ಸವೆದು ಬಂದ ಮಣ್ಣು ಅದು.

ಆ ಮಣ್ಣು ನಿಲ್ಲುವುದು ಹೇಗೆ ಎಂಬುದನ್ನು ನನ್ನ ತರಗತಿಯಲ್ಲಿ ಎರಡು ಗಾಜಿನ ಲೋಟದಲ್ಲಿ ತೋರಿಸುತ್ತಿದ್ದೆ. ಎರಡಕ್ಕೂ ಕೆರೆಯ ಜೇಡಿಮಣ್ಣು ಕದಡಿದ ನೀರು ತುಂಬಿ, ಒಂದಕ್ಕೆ ಮಾತ್ರ ಒಂದು ಚಮಚ ಉಪ್ಪು ಹಾಕಿ ಕಿಟಕಿಯ ಮೇಲೆ ಇಡುವುದು. ಪಾಠ ಮುಗಿದು ಬೆಲ್ ಹೊಡೆಯುವಾಗ ಉಪ್ಪಿನ ಲೋಟ ತಿಳಿಯಾಗುತ್ತ ಬಂದಿರುತ್ತಿತ್ತು, ಇನ್ನೊಂದು ಇನ್ನೂ ರಾಡಿ. ಅಜ್ಜಿಯರು ಬಗ್ಗಡದ ನೀರಿಗೆ ಪಟಿಕ ಆಡಿಸುತ್ತಿದ್ದರು, ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದರು. ಕೆಲಸ ಅದೇ: ಒಂದನ್ನೊಂದು ದೂಡುತ್ತ ತೇಲುವ ನುಣ್ಣನೆಯ ಕಣಗಳು ಅಂಟಿಕೊಂಡು, ತೂಕ ಬಂದು ಕೆಳಗಿಳಿಯುವುದು. ಗಂಗೆಯ ಹೂಳು ಸಮುದ್ರದ ಉಪ್ಪನ್ನು ಮುಟ್ಟಿದಾಗ ಆಗುವುದೂ ಇದೇ. ಹರಿವೂ ಅಲ್ಲಿ ನಿಧಾನವಾಗುತ್ತದೆ, ಕಣಗಳೂ ಗಂಟಾಗುತ್ತವೆ, ಕೆಸರು ಕೂರುತ್ತದೆ. ಉಬ್ಬರ ದಿನಕ್ಕೆರಡು ಸಲ ಆ ಕೆಸರನ್ನು ತೊರೆಗಳೊಳಗೆ ತಳ್ಳಿ ದಡದ ಮೇಲೆ ಹರಡುತ್ತದೆ. ಅದರ ಮೇಲೆ ಗಿಡ ಬೇರೂರಿದರೆ ಇನ್ನಷ್ಟು ಕೆಸರು ಸಿಕ್ಕಿಕೊಳ್ಳುತ್ತದೆ. ಅಂದರೆ ಸುಂದರಬನದಲ್ಲಿ ಉಪ್ಪು ಬೇಕಾದದ್ದು ಮಣ್ಣು ಕೂರುವುದಕ್ಕೆ. ಮರ ಏಳುವುದಕ್ಕೆ ಬೇಕಾದದ್ದು ನದಿ ತರುವ ಸಿಹಿನೀರು. ಈ ಒಂದು ಮಾತು ಹುಡುಗರಿಗೆ ಹತ್ತಿದ ದಿನ ನನಗೆ ಹೊಟ್ಟೆ ತುಂಬುತ್ತಿತ್ತು.

ಆ ಕಾಡಿಗೆ ಹೆಸರು ಕೊಟ್ಟದ್ದು ಸುಂದರಿ ಮರ ಎಂಬುದು ಹೆಚ್ಚಿನವರು ಒಪ್ಪುವ ಮಾತು. ಈಗ ಆ ಮರವನ್ನು ನೋಡಬೇಕಾದರೆ ನಮ್ಮ ಕಡೆಗಿಂತ ಬಾಂಗ್ಲಾದೇಶದ ಪೂರ್ವಭಾಗಕ್ಕೆ ಹೋಗಬೇಕು. ಸಿಹಿನೀರು ಅಲ್ಲಿ ಹೆಚ್ಚು, ಅಲ್ಲಿ ಸುಂದರಿ ಎತ್ತರಕ್ಕೆ ದಟ್ಟವಾಗಿ ನಿಂತಿದೆ. ಪಶ್ಚಿಮಕ್ಕೆ ಬಂದಂತೆ ಉಪ್ಪು ಏರುತ್ತದೆ, ಮರ ಗಿಡ್ಡವಾಗುತ್ತದೆ, ಸುಂದರಿ ವಿರಳವಾಗಿ ಗೇವಾ, ಗರಾನ್ ಎಂಬ ಬೇರೆ ಕಾಂಡ್ಲಾ ಜಾತಿಗಳು ಮುಂದೆ ಬರುತ್ತವೆ. ಕಾರಣ ನದಿಯ ಇತಿಹಾಸದಲ್ಲಿದೆ. ಒಂದು ಕಾಲಕ್ಕೆ ಗಂಗೆಯ ಮುಖ್ಯ ಧಾರೆ ಭಾಗೀರಥಿ–ಹೂಗ್ಲಿಯ ದಾರಿಯಲ್ಲಿ ಪಶ್ಚಿಮದಲ್ಲೇ ಹರಿಯುತ್ತಿತ್ತು. ಶತಮಾನಗಳ ಅವಧಿಯಲ್ಲಿ ಅದು ಪೂರ್ವಕ್ಕೆ, ಈಗಿನ ಬಾಂಗ್ಲಾದೇಶದ ಪದ್ಮಾ ಕಡೆಗೆ ವಾಲಿತು. ಬಿದ್ಯಾಧರಿ, ಮಾತ್ಲಾ, ಠಾಕುರಾನ್ ಎಂದೆಲ್ಲ ನಾವು ನದಿಯ ಹೆಸರಿಟ್ಟು ಕರೆಯುವ ತೊರೆಗಳಲ್ಲಿ ಮೇಲಿನಿಂದ ಬರುವ ನೀರು ಇಲ್ಲವೆನ್ನುವಷ್ಟು. ಅಲ್ಲಿ ಏರಿ ಇಳಿಯುವುದು ಸಮುದ್ರವೇ. 1975ರಲ್ಲಿ ಫರಕ್ಕಾ ಅಣೆಕಟ್ಟು ಶುರುವಾಗಿ ಒಂದಿಷ್ಟು ನೀರು ಹೂಗ್ಲಿಗೆ ತಿರುಗಿತು, ಆದರೆ ಗಂಗೆಯಿಂದ ಕವಲೊಡೆದು ಸುಂದರಬನದ ಕಡೆಗೆ ಸಿಹಿನೀರು ಒಯ್ಯುವ ಬಾಂಗ್ಲಾದ ಗೋರಾಯ್ ನದಿ ಬೇಸಿಗೆಯಲ್ಲಿ ಸೊರಗಿತು. ಅಲ್ಲಿನ ಸುಂದರಿ ಮರಗಳು ತುದಿಯಿಂದ ಒಣಗುತ್ತ ಬರುವ ರೋಗಕ್ಕೆ ಬಂಗಾಳಿಯಲ್ಲಿ ಆಗಾ ಮೋರಾ ಎನ್ನುತ್ತಾರೆ, ತುದಿ ಸಾಯುವುದು ಎಂದರ್ಥ. ಅದಕ್ಕೆ ಹೇಳುವ ಕಾರಣಗಳಲ್ಲಿ ಸಿಹಿನೀರಿನ ಕೊರತೆ, ಉಪ್ಪಿನ ಏರಿಕೆ ಮುಖ್ಯ. ಉಪ್ಪು ಬೇಕಾದ ಮರ ಉಪ್ಪು ಹೆಚ್ಚಾದರೆ ಒಣಗುವುದಿಲ್ಲ.

ಬೋರ್‌ವೆಲ್ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ನಮ್ಮ ನೀರಿನ ತೊಂದರೆ ಸಮುದ್ರದ ಉಪ್ಪಲ್ಲ. ಸಾವಿರ ಅಡಿ ಆಳದ ಬಂಡೆಯಿಂದ ಬರುವ ಫ್ಲೋರೈಡ್, ಸುಣ್ಣದ ಗಡಸು. ಅದಕ್ಕೆ ಕಾಂಡ್ಲಾ ಮದ್ದಲ್ಲ. ಬದುವಿಗೆ ಹೊಂಗೆ ಹಾಕಿ. ಹೊಂಗೆಯೂ ಕಾಂಡ್ಲಾ ಕಾಡಿನ ಅಂಚಿನಲ್ಲಿ, ಉಬ್ಬರ ತಾಗುವ ದಡದಲ್ಲಿ ಬೆಳೆಯುವ ಮರವೇ. ಅದರ ಕಾಯಿ ನೀರಿನಲ್ಲಿ ತೇಲಿ ಹೋಗುತ್ತದೆ. ಅಲ್ಲಿ ಉಪ್ಪನ್ನು ತಾಳಿಕೊಂಡು, ಇಲ್ಲಿ ಬರವನ್ನು ತಾಳಿಕೊಂಡು ನಮಗೆ ನೆರಳು ಕೊಡುತ್ತಿದೆ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ವಿಷಯ ಹೇಳದೆ ಬಿಡಲು ಮನಸ್ಸಿಲ್ಲ. ಕೆರೆಯೂರಿನ ನಮಗೆ ಅದು ಬೇರೆಯವರಿಗಿಂತ ಬೇಗ ಹೊಳೆಯಬೇಕು: ಏರಿಯ ವಿಷಯ.

1770ರ ದಶಕದಿಂದ ಈಸ್ಟ್ ಇಂಡಿಯಾ ಕಂಪನಿ ಸುಂದರಬನದ ಕಾಡು ಕಡಿದು ಬೇಸಾಯ ಮಾಡುವವರಿಗೆ ಆ ನೆಲವನ್ನು ಗುತ್ತಿಗೆ ಕೊಡತೊಡಗಿತು. ಕಾಡಿನ ಉತ್ತರದ ಗಡಿ ಇಷ್ಟೇ ಎಂದು ಕಂಪನಿಯ ಅಧಿಕಾರಿಗಳಾದ ಡ್ಯಾಂಪಿಯರ್ ಮತ್ತು ಹಾಜಸ್ 1830ರ ಹೊತ್ತಿಗೆ ಗೆರೆ ಎಳೆದರು. ಆ ಗೆರೆಯ ಹೆಸರು ಇವತ್ತಿಗೂ ಬಳಕೆಯಲ್ಲಿದೆ, ಗೆರೆಯ ಕೆಳಗಿನ ಎಷ್ಟೋ ಕಾಡು ಇಲ್ಲ. 1903ರಲ್ಲಿ ಸ್ಕಾಟ್ಲೆಂಡಿನ ವ್ಯಾಪಾರಿ ಡೇನಿಯಲ್ ಹ್ಯಾಮಿಲ್ಟನ್ ಅಲ್ಲಿನ ಗೊಸಾಬಾ ದ್ವೀಪದ ಕಡೆ ಜಮೀನು ಪಡೆದು ಸಹಕಾರಿ ಪದ್ಧತಿಯಲ್ಲಿ ಊರು ಕಟ್ಟಿಸಿದ. ಎಲ್ಲಿ ಊರು ಕಟ್ಟಿದರೂ ಮೊದಲ ಕೆಲಸ ದ್ವೀಪದ ಸುತ್ತ ಮಣ್ಣಿನ ಏರಿ ಹಾಕುವುದು. ಈಗ ನಮ್ಮ ಕಡೆಯ ಸುಂದರಬನದಲ್ಲಿ ಅಂಥ ಏರಿ ಸುಮಾರು 3,500 ಕಿಲೋಮೀಟರ್ ಉದ್ದ ಇದೆ.

ನಮ್ಮ ಏರಿ ನೀರನ್ನು ಒಳಗೆ ಹಿಡಿಯಲು. ಅವರ ಏರಿ ನೀರನ್ನು ಹೊರಗೆ ತಡೆಯಲು. ನಮ್ಮ ತೂಬು ಎತ್ತಿದರೆ ಗದ್ದೆಗೆ ನೀರು ಬರುತ್ತದೆ. ಅವರು ಇಳಿತದ ಹೊತ್ತಿಗೆ ತೂಬು ತೆಗೆದು ಗದ್ದೆಯ ಮಳೆನೀರನ್ನು ಹೊರಬಿಟ್ಟು, ಉಬ್ಬರ ಬರುವ ಮುಂಚೆ ಮುಚ್ಚಬೇಕು. ಹೂಳಿನ ಲೆಕ್ಕವೂ ತಿರುಗುಮುರುಗು. ನಮ್ಮಲ್ಲಿ ಹೂಳು ಏರಿಯ ಒಳಗೆ ಕೂರುತ್ತದೆ. ಬೇಸಿಗೆಯಲ್ಲಿ ಗೋಡು ತುಂಬಿದ ಟ್ರ್ಯಾಕ್ಟರ್‌ಗಳು ಹೊಲಕ್ಕೆ ಹೋಗುವುದನ್ನು ನೋಡಿದ್ದೀರಿ. ಅಲ್ಲಿ ಹೂಳು ಏರಿಯ ಹೊರಗೇ ಉಳಿದು ತೊರೆಯ ತಳವನ್ನು ಎತ್ತರಿಸುತ್ತದೆ. ಒಳಗಿನ ಗದ್ದೆಗೆ ಒಂದು ಹಿಡಿ ಹೊಸ ಮಣ್ಣಿಲ್ಲ, ಇರುವ ಮಣ್ಣು ಒತ್ತಿ ಕುಸಿಯುತ್ತದೆ. ಕಾಡಿನ ದ್ವೀಪಗಳಲ್ಲಿ ಉಬ್ಬರ ಬಂದಾಗಲೆಲ್ಲ ಕೆಸರು ಸೇರುತ್ತಿದೆ. ಊರಿನ ದ್ವೀಪಗಳು ನೂರು, ಇನ್ನೂರು ವರ್ಷದಿಂದ ಹಸಿದಿವೆ, ಎಷ್ಟೋ ಕಡೆ ಗದ್ದೆ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. 2009ರ ಮೇ 25ರಂದು ಐಲಾ ಚಂಡಮಾರುತ ಬಂದು ಏರಿ ಒಡೆದಾಗ ಒಳನುಗ್ಗಿದ ಉಪ್ಪುನೀರು ಸುಲಭವಾಗಿ ಹೊರಗೆ ಹೋಗಲಿಲ್ಲ. ಮುಂದಿನ ಕೆಲವು ವರ್ಷ ಎಷ್ಟೋ ಹೊಲಗಳಲ್ಲಿ ಭತ್ತ ಕಾಣಲಿಲ್ಲ. ಹೂಗ್ಲಿಯ ಬಾಯಲ್ಲಿದ್ದ ಲೋಹಾಚರಾ ದ್ವೀಪ ಕೊಚ್ಚಿ ಮುಳುಗಿತು, ಪಕ್ಕದ ಘೋರಾಮಾರಾ ಕರಗುತ್ತಿದೆ. ಎರಡೂ ಕಡೆಯ ಜನ ಸಾಗರ ದ್ವೀಪಕ್ಕೆ ಬಂದು ನೆಲೆಸಿದ್ದಾರೆ. ಸಂಕ್ರಾಂತಿಗೆ ಗಂಗಾಸಾಗರದ ಸ್ನಾನಕ್ಕೆ ಹೋಗುವ ನಮ್ಮ ಕಡೆಯ ಯಾತ್ರಿಕರು ಇಳಿಯುವುದು ಅದೇ ದ್ವೀಪದಲ್ಲಿ.

ಬಾಂಗ್ಲಾದೇಶದ ನೈರುತ್ಯದಲ್ಲೂ 1960ರ ದಶಕದಲ್ಲಿ ಇಂಥವೇ ದೊಡ್ಡ ಏರಿಗಳನ್ನು ಕಟ್ಟಿದರು. ಹೊಳೆಯಲ್ಲಿ ಹೂಳು ತುಂಬಿ, ಮಳೆನೀರು ಹೊರಹೋಗದೆ ಗದ್ದೆಗಳು ವರ್ಷಗಟ್ಟಲೆ ಕೆರೆಯಂತೆ ನಿಂತವು. 1997ರಲ್ಲಿ ಬಿಲ್ ಭಾಯ್ನಾ ಎಂಬ ತಗ್ಗಿನ ರೈತರು ಗುದ್ದಲಿ ಹಿಡಿದು ತಾವೇ ಏರಿ ಕಡಿದರು. ಏರಿಯಲ್ಲಿ ಬಿಲ ಕಂಡರೂ ಊರೆಲ್ಲ ಓಡುವ ನಮಗೆ ಇದನ್ನು ಕೇಳಿಯೇ ಎದೆ ಝಲ್ಲೆನ್ನುತ್ತದೆ. ಅವರು ನಾಲ್ಕು ವರ್ಷ ಉಬ್ಬರವನ್ನು ಗದ್ದೆಯ ಮೇಲೆ ಹತ್ತಿ ಇಳಿಯಲು ಬಿಟ್ಟರು. ಹೊಳೆಯ ತಳ ಕೊರೆದು ಆಳವಾಯಿತು, ಗದ್ದೆಯ ಮೇಲೆ ಹೂಳು ಕೂತು ನೆಲ ಎದ್ದಿತು. ಆಮೇಲೆ ಕಡಿದ ಜಾಗವನ್ನು ಮುಚ್ಚಿ, ಮೇಲೆದ್ದ ಆ ನೆಲದಲ್ಲಿ ಭತ್ತ ನಾಟಿ ಮಾಡಿದರು.