ಕೋಚ್ ಕೇಳಿದರೆ ಮಾತ್ರ ಆಟಕ್ಕೆ ಸೀಟು

ಕಳೆದ ತಿಂಗಳು ಬೆಂಗಳೂರಿನ ತಾಯಿಯೊಬ್ಬರು ಫೋನ್ ಮಾಡಿದ್ದರು. ಮಗ ಹತ್ತನೇ ಕ್ಲಾಸು, ಬ್ಯಾಡ್ಮಿಂಟನ್‌ನಲ್ಲಿ ರಾಜ್ಯ ಮಟ್ಟದವರೆಗೆ ಆಡಿದ್ದಾನೆ. "ಇದರ ಮೇಲೆ ಅಮೆರಿಕದ ಒಳ್ಳೆ ಕಾಲೇಜಲ್ಲಿ ಸೀಟು ಸಿಗುತ್ತೆ ಅಲ್ವಾ ಸರ್?" ಅಂದರು. ಬೆಳಗ್ಗೆ ಐದಕ್ಕೆ ಎದ್ದು ವರ್ಷಗಟ್ಟಲೆ ಮಗನನ್ನು ಕೋರ್ಟಿಗೆ ಕರೆದುಕೊಂಡು ಹೋದ ತಾಯಿಗೆ ಇಲ್ಲ ಅನ್ನುವುದು ಕಷ್ಟ. ಆದರೂ ಹೇಳಲೇಬೇಕಿತ್ತು. ಅಲ್ಲಿ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಪಟ್ಟಿಯಲ್ಲಿ ಬ್ಯಾಡ್ಮಿಂಟನ್ ಇಲ್ಲ. ಕ್ರಿಕೆಟ್ ಕೂಡ ಇಲ್ಲ. ಟೆನಿಸ್, ಈಜು, ಅಥ್ಲೆಟಿಕ್ಸ್, ಗಾಲ್ಫ್ ಇವೆ.

ನಮ್ಮಲ್ಲಿ ಸ್ಪೋರ್ಟ್ಸ್ ಕೋಟಾ ಅಂದರೆ ಸರ್ಟಿಫಿಕೇಟ್ ತೋರಿಸಿ ಸೀಟು ಕೇಳುವುದು. ಅಲ್ಲಿ ಹಾಗಲ್ಲ. ತನ್ನ ತಂಡಕ್ಕೆ ಮುಂದಿನ ವರ್ಷ ಯಾರು ಬೇಕು ಅಂತ ಕಾಲೇಜಿನ ಕೋಚ್ ಮೊದಲೇ ಹುಡುಕಿಟ್ಟುಕೊಂಡು, ಆ ಹೆಸರುಗಳನ್ನು ಅಡ್ಮಿಷನ್ ಆಫೀಸಿಗೆ ಕೊಡುತ್ತಾರೆ. ಎಲ್ಲ ವ್ಯತ್ಯಾಸ ಇರುವುದು ಅಲ್ಲೇ. ಅಡ್ಮಿಷನ್ ಕೊಡುವ ರೀತಿಯನ್ನು ಪ್ರಶ್ನಿಸಿ ಹಾರ್ವರ್ಡ್ ವಿರುದ್ಧ ಹೂಡಿದ್ದ ಮೊಕದ್ದಮೆ 2018ರಲ್ಲಿ ವಿಚಾರಣೆಗೆ ಬಂದಾಗ ಈ ಲೆಕ್ಕ ಹೊರಬಿತ್ತು: ಕೋಚ್ ಆರಿಸಿದ ಆಟಗಾರರಲ್ಲಿ ಶೇ. 86ರಷ್ಟು ಮಂದಿಗೆ ಸೀಟು, ಉಳಿದವರಲ್ಲಿ ಶೇ. 6ರ ಆಸುಪಾಸು. ಕೋಚ್ ಕೇಳದಿದ್ದರೆ ನಿಮ್ಮ ಮಗಳ ಈಜು ಅರ್ಜಿಯಲ್ಲಿ ಒಂದು ಸಾಲು ಅಷ್ಟೇ, ಭರತನಾಟ್ಯದ ಹಾಗೆ, ಚರ್ಚಾಸ್ಪರ್ಧೆಯ ಹಾಗೆ. ಆ ಸಾಲಿಗೂ ಬೆಲೆ ಇದೆ, ಆದರೆ ಅದೊಂದೇ ಬಾಗಿಲು ತೆರೆಸುವುದಿಲ್ಲ.

ದುಡ್ಡಿನ ವಿಷಯದಲ್ಲೂ ಜಾಸ್ತಿ ಜನ ಎಡವುತ್ತಾರೆ. ಹಾರ್ವರ್ಡ್, ಯೇಲ್ ಸೇರಿದಂತೆ ಐವಿ ಲೀಗ್‌ನ ಎಂಟೂ ಕಾಲೇಜುಗಳಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ. ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ. ಎನ್‌ಸಿಎಎ ತನ್ನ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿದೆ, ಮೇಲಿನದು ಡಿವಿಷನ್ 1. ಡಿವಿಷನ್ 3 ಕಾಲೇಜುಗಳಲ್ಲೂ ಆಟದ ಸ್ಕಾಲರ್‌ಶಿಪ್ ಇಲ್ಲ.

ಮಾರ್ಕ್ಸ್ ಬಗ್ಗೆ ನನಗೆ ನಿಜವಾಗಿ ಸಂಕಟ ಆಗುತ್ತದೆ. ಟೂರ್ನಮೆಂಟ್ ಇದೆ ಅಂತ ಒಂಬತ್ತನೇ ಕ್ಲಾಸನ್ನು ಸುಮ್ನೆ ದಾಟಿಸಿಬಿಡುವ ಮನೆಗಳು ಎಷ್ಟೋ. ಡಿವಿಷನ್ 1ರಲ್ಲಿ ಆಡಬೇಕಾದರೆ ಒಂಬತ್ತರಿಂದ ಹನ್ನೆರಡರವರೆಗಿನ 16 ಮುಖ್ಯ ಕೋರ್ಸ್‌ಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಒಂಬತ್ತರ ಮಾರ್ಕ್ಸ್ ಕಾರ್ಡ್ ಆಗ ಬೇಕೇ ಬೇಕು.

ಸುಳ್ಳು ಪ್ರೊಫೈಲ್ ಮಾಡಿಕೊಡುತ್ತೇವೆ ಅನ್ನುವ ಏಜೆಂಟರಿಂದ ದೂರ ಇರಿ. 2019ರಲ್ಲಿ ಅಮೆರಿಕದಲ್ಲಿ ಬಯಲಾದ ಹಗರಣದಲ್ಲಿ ಆಡದ ಮಕ್ಕಳನ್ನು ಆಟಗಾರರೆಂದು ತೋರಿಸಿ, ಕೋಚ್‌ಗಳಿಗೆ ಲಂಚ ಕೊಟ್ಟಿದ್ದರು. ಹಲವು ಅಪ್ಪ-ಅಮ್ಮಂದಿರು ಜೈಲಿಗೆ ಹೋದರು. ಕೆಲವು ಮಕ್ಕಳ ಸೀಟೂ ಹೋಯಿತು.

ನಿಮ್ಮ ಮಗುವಿನ ಆಟ ಪಟ್ಟಿಯಲ್ಲಿದ್ದರೆ ಹತ್ತನೇ ಕ್ಲಾಸಿನಲ್ಲೇ ಕೋಚ್‌ಗಳಿಗೆ ಇಮೇಲ್ ಕಳಿಸಲು ಶುರುಮಾಡಿ. ಅದನ್ನು ಮಗುವೇ ಬರೆಯಲಿ, ನೀವಲ್ಲ. ಈಜಾದರೆ ಟೈಮಿಂಗ್, ಟೆನಿಸ್ ಆದರೆ ರೇಟಿಂಗ್ ಮೊದಲ ಸಾಲಿನಲ್ಲೇ ಇರಲಿ, ಜೊತೆಗೆ ಮಾರ್ಕ್ಸ್ ಮತ್ತು ಎರಡು ಮೂರು ನಿಮಿಷದ ವಿಡಿಯೊ. ವಿಡಿಯೊಗೆ ಹಾಡು ಹಾಕಬೇಡಿ.