ಬೇಲಿಯನ್ನು ರಂಗದ ಮೇಲೆ ತರಬೇಡಿ

ದಾಖಲೆ ನಾಟಕ, ಅಂದರೆ ನಿಜ ಘಟನೆಯನ್ನು ಕಂಡವರ ಮಾತು, ದಾಖಲೆಗಳಿಂದಲೇ ಕಟ್ಟುವ ನಾಟಕ, ಮಾಡಲು ಹೊರಟ ತಂಡಗಳು ಕರೆದಾಗಲೆಲ್ಲ ಹೋಗುತ್ತೇನೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ: ‘ಸರ್, ಹೊಡೆಯುವ ದೃಶ್ಯವನ್ನು ಎಲ್ಲಿ ಇಡೋಣ?’

ಕಳೆದ ತಿಂಗಳು ಒಂದು ಕಾಲೇಜು ತಂಡ, ಯುವಕನೊಬ್ಬನ ಕೊಲೆಯ ಬಗೆಗಿನ ಅಮೆರಿಕದ ನಾಟಕ ‘ದಿ ಲಾರಮಿ ಪ್ರಾಜೆಕ್ಟ್’ ಕೈಗೆತ್ತಿಕೊಂಡಿತ್ತು. ನಾನು ತಲುಪುವ ಹೊತ್ತಿಗೆ ತಾಲೀಮು ಕೋಣೆಯ ಮೂಲೆಯಲ್ಲಿ ಬಿದಿರಿನ ಬೇಲಿ ಎದ್ದಿತ್ತು. ಅದಕ್ಕೆ ತೆಂಗಿನ ನಾರಿನ ಹಗ್ಗ, ಪಕ್ಕದಲ್ಲಿ ಕುಂಕುಮ ಕಲಸಿದ ಬಟ್ಟಲು. ಮಕ್ಕಳು ಮೂರು ರಾತ್ರಿ ನಿದ್ದೆಗೆಟ್ಟು ಕಟ್ಟಿದ್ದರು. ಬಿಚ್ಚಿಸಿದೆ. ಅವರ ಮುಖ ಬಾಡಿದ್ದನ್ನು ಕಂಡು ನನಗೂ ಸಂಕಟವಾಯಿತು.

1998ರ ಅಕ್ಟೋಬರ್‌ನಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ಲಾರಮಿಯಲ್ಲಿ 21 ವರ್ಷದ ಸಲಿಂಗಿ ವಿದ್ಯಾರ್ಥಿ ಮ್ಯಾಥ್ಯೂ ಶೆಪರ್ಡ್‌ನನ್ನು ಇಬ್ಬರು ಯುವಕರು ಊರಾಚೆ ಕರೆದೊಯ್ದು, ಬೇಲಿಗೆ ಕಟ್ಟಿ, ಹೊಡೆದು ಬಿಟ್ಟುಹೋದರು. ಅವನು ಹಾಗೆಯೇ ಸುಮಾರು 18 ಗಂಟೆ ಇದ್ದ. 12ರಂದು ಆಸ್ಪತ್ರೆಯಲ್ಲಿ ತೀರಿಕೊಂಡ. ಒಂದೇ ತಿಂಗಳಲ್ಲಿ ನಾಟಕಕಾರ, ನಿರ್ದೇಶಕ ಮೊಯಿಸೆಸ್ ಕಾಫ್‌ಮನ್ ತಮ್ಮ ಟೆಕ್ಟಾನಿಕ್ ಥಿಯೇಟರ್ ಪ್ರಾಜೆಕ್ಟ್ ತಂಡದೊಂದಿಗೆ ಆ ಊರಿಗೆ ಹೋದರು. ಮತ್ತೆ ಮತ್ತೆ ಹೋಗಿ 200ಕ್ಕೂ ಹೆಚ್ಚು ಸಂದರ್ಶನ ಮಾಡಿದರು. ಆ ಮಾತುಗಳಿಂದ ಕಟ್ಟಿದ ಈ ನಾಟಕ 2000ದಲ್ಲಿ ಡೆನ್ವರ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. ಎಂಟು ನಟರು, 60ಕ್ಕೂ ಹೆಚ್ಚು ಪಾತ್ರಗಳು. ಅವುಗಳಲ್ಲಿ ಮ್ಯಾಥ್ಯೂನ ಪಾತ್ರವಿಲ್ಲ. ಹಲ್ಲೆಯ ದೃಶ್ಯವೂ ಇಲ್ಲ.

ಇದು ಸಂಕೋಚದಿಂದ ಬಿಟ್ಟದ್ದಲ್ಲ. ಕೊಂದವರಲ್ಲಿ ಒಬ್ಬನ ತಪ್ಪೊಪ್ಪಿಗೆಯನ್ನು ಪೊಲೀಸ್ ದಾಖಲೆಯಿಂದಲೇ ಎತ್ತಿ ನಾಟಕದಲ್ಲಿ ಓದಿಸುತ್ತಾರೆ. ಸುದ್ದಿ ಒಬ್ಬೊಬ್ಬರಿಗೆ ಹೇಗೆ ತಲುಪಿತು ಎಂಬುದೇ ಈ ನಾಟಕದ ಕಥೆ. ಮ್ಯಾಥ್ಯೂನನ್ನು ಮೊದಲು ಕಂಡದ್ದು ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬ ಹುಡುಗ. ಬೇಲಿಯಲ್ಲಿ ಯಾರೋ ಬೆರ್ಚಪ್ಪನನ್ನು ನಿಲ್ಲಿಸಿದ್ದಾರೆ ಎಂದುಕೊಂಡನಂತೆ. ಹತ್ತಿರ ಹೋದ ಮೇಲೆ ಕೂದಲು ಕಂಡಿತು. ನೀವು ಮೊದಲೇ ರಕ್ತ ಬಳಿದ ನಟನನ್ನು ಬೇಲಿಗೆ ಕಟ್ಟಿದರೆ ಪ್ರೇಕ್ಷಕರಿಗೆ ಎಲ್ಲವೂ ಗೊತ್ತಾಗಿಬಿಡುತ್ತದೆ. ಆ ಹುಡುಗ ಬೆರ್ಚಪ್ಪ ಎಂದು ನಂಬಿದ ಅರೆಗಳಿಗೆ ಅವರಿಗೆ ದಕ್ಕುವುದಿಲ್ಲ. ಅಲ್ಲಿಂದಾಚೆಗೆ ಊರಿನವರು ಏನು ಹೇಳಿದರೂ ಕಿವಿ ಅತ್ತ ಹೋಗುವುದಿಲ್ಲ, ಕಣ್ಣು ಬೇಲಿಯ ಮೇಲೆಯೇ ಇರುತ್ತದೆ.

ಎಲ್ಲ ದಾಖಲೆ ನಾಟಕಕ್ಕೂ ಇದೇ ಸೂತ್ರ ಎನ್ನಲಾರೆ. ನೊಂದವರ ಮನೆಯವರೇ ‘ತೋರಿಸಿ, ಜನ ನೋಡಲಿ’ ಎಂದರೆ ನಾನೂ ಮರುಯೋಚಿಸುತ್ತೇನೆ. ಆದರೆ ಇನ್ನೊಬ್ಬರ ಕೃತಿಯನ್ನು ಪರವಾನಗಿ ಪಡೆದು ಆಡುವಾಗ ಅದರಲ್ಲಿಲ್ಲದ ದೃಶ್ಯವನ್ನು ನಮ್ಮಿಷ್ಟಕ್ಕೆ ತುರುಕುವಂತಿಲ್ಲ.

ಬೇಲಿ ಬಿಚ್ಚಿದ ಮೇಲೆ, ಸ್ಥಳಕ್ಕೆ ಮೊದಲು ತಲುಪಿದ ಮಹಿಳಾ ಪೊಲೀಸ್ ಅಧಿಕಾರಿಯ ಮಾತನ್ನು ಓದಿಸಿದೆ. ಮ್ಯಾಥ್ಯೂನ ಮುಖವೆಲ್ಲ ರಕ್ತ, ಕಣ್ಣೀರು ಹರಿದಿರಬಹುದಾದ ಜಾಗ ಮಾತ್ರ ಶುಭ್ರವಾಗಿತ್ತು ಎಂದು ಆಕೆ ಹೇಳುತ್ತಾರೆ. ಓದುತ್ತಿದ್ದ ಹುಡುಗಿ ಬಿಕ್ಕತೊಡಗಿದಳು. ‘ಅಳಬೇಡಮ್ಮ, ನೀನು ನೋಡಿದ್ದನ್ನು ವರದಿ ಮಾಡುತ್ತಿದ್ದೀಯ, ಅಷ್ಟೇ’ ಎಂದೆ. ನಾಲ್ಕನೇ ಸಲ ಅವಳು ಸಪಾಟಾಗಿ, ಹಾಜರಿ ಕೂಗುವವಳಂತೆ ಓದಿದಳು. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಹುಡುಗ ಒಳಗೆ ಬರಲೇ ಇಲ್ಲ.

ಬೇಲಿ ಕಟ್ಟುವ ಆ ಮೂರು ರಾತ್ರಿಗಳನ್ನು ಹತ್ತು ವರ್ಷಗಳ ನಂತರದ ಲಾರಮಿಯ ಬಗ್ಗೆ ಅದೇ ತಂಡ ಕಟ್ಟಿದ ಮುಂದಿನ ಭಾಗಕ್ಕೆ ಕೊಡಿ ಎಂದು ಕೇಳಿಕೊಂಡಿದ್ದೇನೆ. 2008ರಲ್ಲಿ ಕಾಫ್‌ಮನ್ ತಂಡ ಲಾರಮಿಗೆ ಮರಳಿದಾಗ ಆ ಬೇಲಿಯೇ ಇರಲಿಲ್ಲ. ಊರಿನ ಹಲವರು ಅದು ದ್ವೇಷದ ಕೊಲೆಯೇ ಅಲ್ಲ, ದರೋಡೆ ಕೈಮೀರಿ ಹೋದದ್ದು ಎನ್ನುತ್ತಿದ್ದರು. ತನಿಖೆ ನಡೆಸಿದ ಅಧಿಕಾರಿಗಳು ಅಲ್ಲಗಳೆದರೂ ಆ ಮಾತು ನಿಂತಿರಲಿಲ್ಲ. ಹೀಗೆನ್ನುವವರ ಪಾತ್ರಗಳಿಗೆ ನಿಮ್ಮಲ್ಲಿರುವ ಅತ್ಯುತ್ತಮ ನಟರನ್ನು ಹಾಕಿ, ಅವರನ್ನು ಖಳರಂತೆ ಆಡಿಸಬೇಡಿ ಎಂದಿದ್ದೇನೆ. ಬರುವ ಭಾನುವಾರ ಆ ಭಾಗದ ಮೊದಲ ಓದು.